ಬಚ್ಚಲಿಂದ ಪೂಲ್ ತನಕ: ಸ್ವಿಮಿಂಗ್ ಕ್ಲಾಸ್‌ಗೆ ಸೇರಿಸೋ ಮುಂಚೆ ಮಗೂಗೆ ನೀರಿನ ಅಭ್ಯಾಸ ಮಾಡ್ಸೋದು ಹೇಗೆ

ಏಪ್ರಿಲ್ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ಪೂಲ್ ಹತ್ರ ಇದನ್ನ ನೋಡ್ತಾನೇ ಇರ್ತೀನಿ. ಎಂಟೊಂಬತ್ತು ತಿಂಗಳ ಮಗೂನ ಎತ್ಕೊಂಡು ಬರ್ತಾರೆ, ಅಪ್ಪ ಮೊದ್ಲೇ ನೀರಿಗೆ ಇಳಿದಿರ್ತಾರೆ, ಅಮ್ಮ ಮೇಲಿಂದ ಮಗೂನ ಕೊಡ್ತಾರೆ, ತಣ್ಣೀರು ಹೊಟ್ಟೆಗೆ ತಾಗಿದ್ದೇ ತಡ ಮಗು ಉಸಿರು ಕಟ್ಕೊಂಡು ಅಳೋಕೆ ಶುರು ಮಾಡತ್ತೆ, "ಏನಾಗಲ್ಲ ಏನಾಗಲ್ಲ, ಅಭ್ಯಾಸ ಆಗತ್ತೆ" ಅಂತ ಇನ್ನೊಂದ್ಸಲ ಅದ್ದುತ್ತಾರೆ. ಆಮೇಲೆ ಆ ಮಗು ಪೂಲ್ ಗೇಟ್ ನೋಡಿದ್ರೇ ಸಾಕು, ಅಮ್ಮನ ಕುತ್ತಿಗೆ ತಬ್ಬಿ ಹಿಡ್ಕೊಂಡುಬಿಡತ್ತೆ. ಅವ್ರು ಪ್ರೀತಿಯಿಂದಾನೇ ಮಾಡೋದು, ಆದ್ರೆ ಪೂಲ್‌ಗೆ ಬರೋ ಮುಂಚೆ ಮನೇಲಿ ಮಾಡ್ಬೇಕಾದ ಕೆಲಸ ಒಂದಿದೆ ಅಂತ ಅವ್ರಿಗೆ ಯಾರೂ ಹೇಳಿರಲ್ಲ.

ನಮ್ಮ ಪುಟ್ಟಿಗೆ ಈಗ 2 ವರ್ಷ ತುಂಬಿದೆ. ಅವಳಿಗೆ 6 ತಿಂಗಳಿದ್ದಾಗ ಬಚ್ಚಲಲ್ಲಿ ಶುರು ಮಾಡಿ, 11 ತಿಂಗಳಿಗೆ ಪೂಲ್‌ಗೆ ಇಳಿಸಿ, ಒಂದೂವರೆ ವರ್ಷಕ್ಕೆ ಕ್ಲಾಸ್‌ಗೆ ಸೇರಿಸಿದ್ವಿ. ನಡುವೆ ಒಂದ್ಸಲ ಎಲ್ಲಾ ಕೆಟ್ಟು ಮತ್ತೆ ಮೊದಲಿಂದ ಶುರು ಮಾಡ್ಬೇಕಾಯ್ತು, ಅದನ್ನೂ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಮಗು ಮಲಗಿದಾಗ ಓದ್ಕೊಳಿ.

ಮೊದ್ಲು ಇದನ್ನ ತಲೇಲಿ ಇಟ್ಕೊಳಿ

ಇಲ್ಲಿ ಹೇಳೋದು ಈಜು ಕಲಿಸೋದಲ್ಲ. ಒಂದು ವರ್ಷದೊಳಗಿನ ಮಗು ಈಜು ಕಲಿಯಲ್ಲ, ಕಲೀತು ಅಂತ ಯಾರಾದ್ರೂ ವಿಡಿಯೋ ತೋರಿಸಿದ್ರೂ ನಂಬೋಕೆ ಹೋಗ್ಬೇಡಿ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳೋದು ಏನಂದ್ರೆ 1 ವರ್ಷದ ಮೇಲೆ ಸ್ವಿಮಿಂಗ್ ಕ್ಲಾಸ್ ಶುರು ಮಾಡಿದ್ರೆ ಮುಳುಗೋ ಅಪಾಯ ಕಮ್ಮಿ ಆಗಬಹುದು, ಆದ್ರೆ 1 ವರ್ಷದ ಒಳಗೆ ಕ್ಲಾಸ್ ಕೊಡಿಸಿದ್ರೆ ಆ ಥರ ರಕ್ಷಣೆ ಸಿಗತ್ತೆ ಅನ್ನೋಕೆ ಪುರಾವೆ ಇಲ್ಲ. ಅಷ್ಟು ಚಿಕ್ಕದ್ರಲ್ಲಿ ನಾವು ಮಾಡೋದು ಒಂದೇ, ಮುಖಕ್ಕೆ ನೀರು ಬಿದ್ರೆ ಗಾಬರಿ ಆಗದೇ ಇರೋದು, ಕಿವಿಗೆ ನೀರು ತಾಗಿದ್ರೆ ಮೈ ಬಿಗಿ ಹಿಡಿಯದೇ ಇರೋದು, ಅಮ್ಮನೋ ಅಪ್ಪನೋ ಹಿಡ್ಕೊಂಡಿದ್ದಾರೆ ಅಂದ್ಮೇಲೆ ನೀರಲ್ಲಿ ಮೈ ಸಡಿಲ ಬಿಡೋದು. ಇಷ್ಟಾದ್ರೆ ಮುಂದೆ ಕೋಚ್ ಕೆಲಸ ಅರ್ಧ ಮುಗಿದ ಹಾಗೆ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ನೀರಿಗೆ ಹೆದರದೇ ಇರೋ ಮಗೂನ ಹೆದರೋ ಮಗೂಗಿಂತ ಜಾಸ್ತಿ ಕಾಯ್ಬೇಕು. ಹೆದರೋ ಮಗು ನೀರಿಂದ ದೂರ ಇರತ್ತೆ, ಅಭ್ಯಾಸ ಆದ ಮಗು ಬಕೆಟ್ ಕಂಡ್ರೂ ಕೈ ಹಾಕೋಕೆ ಓಡತ್ತೆ. ಒಂದೆರಡು ಇಂಚು ನೀರು ಸಾಕು ಮಗು ಮುಳುಗೋಕೆ, ಕೂಗಾಟ ಇಲ್ಲ, ಕೈಕಾಲು ಬಡಿಯೋ ಸದ್ದಿಲ್ಲ, ಕೆಲವು ನಿಮಿಷದಲ್ಲಿ ಮುಗಿದುಹೋಗತ್ತೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ, ಅವ್ರಲ್ಲಿ ಹತ್ರತ್ರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಅದಕ್ಕೇ ಈ ಅಭ್ಯಾಸ ಶುರು ಮಾಡೋ ದಿನಾನೇ ಮನೇಲಿ ಬಕೆಟ್ ಖಾಲಿ ಮಾಡಿ ಬೋರಲು ಹಾಕೋದು, ಬಾತ್‌ರೂಂ ಬಾಗಿಲಿಗೆ ಮೇಲ್ಗಡೆ ಚಿಲಕ, ಸಂಪ್ ಮುಚ್ಚಳಕ್ಕೆ ಬೀಗ, ಈ ಮೂರೂ ಶುರುವಾಗ್ಲಿ. ಊರಲ್ಲಿ ತೋಟ ಇದ್ದು ಕೃಷಿ ಹೊಂಡ ಇದ್ರೆ ಸುತ್ತ ಬೇಲಿ ಇಲ್ದೇ ಮಗೂನ ಆ ಕಡೆ ಬಿಡ್ಲೇಬೇಡಿ, ಒಳಗೆ ಹಾಸಿರೋ ಪ್ಲಾಸ್ಟಿಕ್ ಶೀಟ್ ಪಾಚಿ ಕಟ್ಟಿ ಎಷ್ಟು ಜಾರತ್ತೆ ಅಂದ್ರೆ ಬಿದ್ದ ದೊಡ್ಡೋರಿಗೇ ಹತ್ತಿ ಬರೋಕೆ ಆಗಲ್ಲ.

ಶುರು ಮಾಡೋ ಮುಂಚೆ ಡಾಕ್ಟರ್‌ನ ಒಂದು ಮಾತು ಕೇಳಿ. ಅದ್ರಲ್ಲೂ ದಿನ ತುಂಬೋ ಮುಂಚೆ ಹುಟ್ಟಿದ ಮಗು, ಹೃದಯದ್ದೋ ಶ್ವಾಸಕೋಶದ್ದೋ ತೊಂದ್ರೆ ಇರೋ ಮಗು, ಪದೇ ಪದೇ ಕಿವಿ ಸೋರೋ ಮಗು, ಚರ್ಮ ತುಂಬಾ ಒಣಗಿ ಬಿರುಕು ಬಿಡೋ ಮಗು ಆದ್ರೆ ಕೇಳ್ದೇ ಮುಂದೆ ಹೋಗ್ಬೇಡಿ. ಕತ್ತು ಗಟ್ಟಿಯಾಗಿ ನಿಂತಿರ್ಬೇಕು, ಅದು ಸಾಮಾನ್ಯ 4 ತಿಂಗಳ ಹೊತ್ತಿಗೆ ಬರತ್ತೆ, ಆದ್ರೂ ಪೂಲ್‌ಗೆ 6 ತಿಂಗಳಾದ್ರೂ ಕಳೀಲಿ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಎಣ್ಣೆ ನೀರು

ನಮ್ಮ ಕಡೆ ಮಗೂಗೆ ನೀರು ಅಂದ್ರೆ ಏನು ಅಂತ ಯೋಚನೆ ಮಾಡಿ ನೋಡಿ. ಅಜ್ಜಿನೋ ನೀರು ಹಾಕೋಕೆ ಬರೋ ಅಮ್ಮನೋ ಮಣೆ ಮೇಲೆ ಕಾಲು ನೀಡಿ ಕೂತ್ಕೊಂಡು, ಎಣ್ಣೆ ಹಚ್ಚಿದ ಮಗೂನ ಕಾಲ ಮೇಲೆ ಬೋರಲು ಹಾಕ್ಕೊಂಡು, ಚೊಂಬಲ್ಲಿ ಬಿಸಿನೀರು ಎರೀತಾರೆ, ಕಡ್ಲೆಹಿಟ್ಟು ಉಜ್ಜುತ್ತಾರೆ, ತಿರುಗಿಸಿ ಮತ್ತೆ ಎರೀತಾರೆ, ಮಗು ಕಿರುಚುತ್ತೆ, ಬೇಗ ಬೇಗ ಮುಗಿಸಿ ಟವೆಲಲ್ಲಿ ಸುತ್ತಿ ಹೊರಗೆ ಕೊಡ್ತಾರೆ. ನಮ್ಮತ್ತೆ ಹಾಸನದ ಕಡೆಯೋರು, ಅವ್ರು ನೀರು ಹಾಕಿದ್ರೆ ಪುಟ್ಟಿ ಮೂರು ಗಂಟೆ ಎಚ್ಚರ ಇಲ್ದೇ ಮಲಗ್ತಿದ್ಲು, ಅದನ್ನ ಬಿಡಿ ಅಂತ ನಾನ್ಯಾವತ್ತೂ ಹೇಳಲ್ಲ. ಆ ಕೈ ಹಿಡಿತ ನಮಗೆ ಬರಲ್ಲ. ಮೂಗಿಗೆ, ಕಣ್ಣಿಗೆ ಎಣ್ಣೆ ಬಿಡೋದು, ಕಿವಿಗೆ ಬಾಯಿಂದ ಊದೋದು ಮಾತ್ರ ಬೇಡ, ಸಾಂಬ್ರಾಣಿ ಹೊಗೇನೂ ಮಗೂ ಉಸಿರಿಗೆ ಒಳ್ಳೇದಲ್ಲ, ಇದನ್ನ ನಮ್ಮ ಡಾಕ್ಟರೇ ಅತ್ತೆಗೆ ನಿಧಾನವಾಗಿ ತಿಳಿಸಿ ಹೇಳಿದ್ರು.

ಆದ್ರೆ ಆ ಸ್ನಾನದಲ್ಲಿ ಮಗು ಸುಮ್ನೆ ಮಲಗಿರತ್ತೆ, ನೀರು ತಾನಾಗೇ ಮೇಲೆ ಬೀಳತ್ತೆ, ಯಾವಾಗ ಬೀಳತ್ತೆ ಅಂತ ಗೊತ್ತಾಗಲ್ಲ, ನೀರನ್ನ ಕೈಯಲ್ಲಿ ಮುಟ್ಟಿ ನೋಡೋಕೂ ಸಿಗಲ್ಲ. ಅದಕ್ಕೆ ನಾವು ಮಾಡಿದ್ದು ಇಷ್ಟೇ, ಎಣ್ಣೆ ನೀರಿನ ದಿನ ಅತ್ತೆ ಪದ್ಧತಿ, ಉಳಿದ ದಿನ ಟಬ್. ದಿನಕ್ಕೆ 5 ನಿಮಿಷದಿಂದ ಶುರು, ಆಮೇಲೆ 10 ನಿಮಿಷ. ಎಣ್ಣೆ ಮೈಯಲ್ಲಿ ಟಬ್‌ಗೆ ಹಾಕ್ಬೇಡಿ, ಕೈಯಿಂದ ಮೀನಿನ ಥರ ಜಾರಿಬಿಡತ್ತೆ.

ಟಬ್ ಅಭ್ಯಾಸ, ಮೊದಲ ಎರಡು ಮೂರು ವಾರ

ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು, ಬಟ್ಟೆ ನೆನೆಸೋಕೆ ಇಟ್ಕೊಂಡಿರ್ತೀವಲ್ಲ ಆ ಥರದ್ದೇ ಹೊಸದೊಂದು. ತಳಕ್ಕೆ ಒಂದು ಹಳೇ ಟವೆಲ್ ಹಾಸಿದ್ರೆ ಜಾರಲ್ಲ. ಮೊದ್ಲು ತಣ್ಣೀರು ಹಾಕಿ ಆಮೇಲೆ ಬಿಸಿನೀರು ಬೆರೆಸಿ, ಯಾವತ್ತೂ ಉಲ್ಟಾ ಮಾಡ್ಬೇಡಿ, ಕೈ ತಪ್ಪಿ ಮಗು ಕಾಲಿಟ್ರೂ ಸುಡಬಾರ್ದು. ಗೀಸರ್ ಟೆಂಪರೇಚರ್ 50 ಡಿಗ್ರಿ ಒಳಗೆ ಇಡಿ. ಟಬ್ಬಿನ ನೀರು 37, 38 ಡಿಗ್ರಿ ಇರ್ಬೇಕು, ಥರ್ಮಾಮೀಟರ್ ಇಲ್ದಿದ್ರೆ ಮೊಣಕೈ ಅದ್ದಿ ನೋಡಿ, ಬಿಸಿ ಅಂತಾನೂ ತಣ್ಣಗೆ ಅಂತಾನೂ ಅನ್ನಿಸಬಾರ್ದು. ಅಜ್ಜಿಯರಿಗೆ ಈ ನೀರು ತಣ್ಣಗೆ ಅನ್ಸತ್ತೆ, "ಇಷ್ಟು ತಣ್ಣೀರಲ್ಲಿ ಕೂರಿಸ್ತೀಯಲ್ಲೇ, ಶೀತ ಆಗಲ್ವಾ" ಅಂತಾರೆ, ಥರ್ಮಾಮೀಟರ್ ಇದ್ರೆ ಆ ಜಗಳ ಇರಲ್ಲ, ಅದಕ್ಕೇ ತಗೊಳಿ ಅಂತೀನಿ. ನೀರಿನ ಆಳ ಮೊದ್ಲು ನಾಲ್ಕು ಬೆರಳಷ್ಟೇ, ಕೂತ್ರೆ ತೊಡೆ ಮುಚ್ಚಿದ್ರೆ ಸಾಕು. ಹಾಲು ಕುಡಿದು ಅಥ್ವಾ ರಾಗಿ ಸರಿ ತಿಂದು ಮುಕ್ಕಾಲು ಗಂಟೆ ಕಳೆದಿರ್ಬೇಕು, ಹಸಿವೂ ಇರಬಾರ್ದು, ನಿದ್ದೆಗಣ್ಣಲ್ಲೂ ಇರಬಾರ್ದು. ಫ್ಯಾನ್ ಆಫ್, ಕಿಟಕಿ ಮುಚ್ಚಿ, ಟವೆಲ್ ಕೈಗೆ ಸಿಗೋ ಹಾಗೆ. ಫೋನ್ ಹೊರಗೆ. ಕೊರಿಯರ್ ಬಂತು ಅಂತ ಬೆಲ್ ಆದ್ರೆ ಮಗೂನ ಎತ್ಕೊಂಡೇ ಹೋಗಿ, ಇಲ್ಲಾ ಬೆಲ್ ಆಗ್ತಿರ್ಲಿ ಬಿಡಿ.

ಮೊದಲ ದಿನ ಟಬ್ಬಿಗೇ ಹಾಕ್ಬೇಡಿ. ಪಕ್ಕದಲ್ಲಿ ಮಡಿಲಲ್ಲಿ ಕೂರಿಸ್ಕೊಂಡು ಅದ್ರ ಕೈಯಿಂದ ನೀರು ತಟ್ಟಿಸಿ. ಚಪಕ್ ಅಂತ ಸದ್ದಾಗತ್ತೆ, ನೀರು ಹಾರತ್ತೆ, ಮಗು ನಿಮ್ಮ ಮುಖ ನೋಡತ್ತೆ. ಎಲ್ಲಾ ನಿಂತಿರೋದು ಆ ನೋಟದ ಮೇಲೇನೇ. ನೀವು ನಕ್ರೆ ಇದು ಆಟ ಅಂತ ಅರ್ಥ ಮಾಡ್ಕೊಳತ್ತೆ, ನೀವು "ಅಯ್ಯೋ" ಅಂದ್ರೆ ಇದ್ರಲ್ಲೇನೋ ಇದೆ ಅಂತ ಹೆದರತ್ತೆ. ಹಾಗಾಗಿ ನಿಮಗೇ ನೀರು ಅಂದ್ರೆ ಭಯ ಇದ್ರೆ ಮೊದಲ ಕೆಲವು ದಿನ ಭಯ ಇಲ್ದೇ ಇರೋರು ಮಾಡ್ಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಆಮೇಲೆ ಕಾಲು ಇಳಿಸಿ, ಆಮೇಲೆ ಕೂರಿಸಿ, ಎರಡೂ ಕಂಕುಳ ಕೆಳಗೆ ನಿಮ್ಮ ಕೈ ಇರ್ಲಿ.

ಆಟದ ಸಾಮಾನು ಅಂಗಡಿಯಿಂದ ತರೋದೇನೂ ಬೇಡ. ಸ್ಟೀಲ್ ಲೋಟ, ಟೀ ಸೋಸೋ ಜಾಲರಿ, ಒಂದು ಪ್ಲಾಸ್ಟಿಕ್ ಡಬ್ಬಿ. ಜಾಲರಿಯಿಂದ ನೀರು ಸುರಿಯೋದನ್ನ ಪುಟ್ಟಿ ಎಷ್ಟು ಹೊತ್ತು ನೋಡ್ತಿದ್ಲು ಅಂದ್ರೆ ಬಾಯಿ ಹಾಗೇ ತೆರೆದಿರ್ತಿತ್ತು. ಒತ್ತಿದ್ರೆ ನೀರು ಚಿಮ್ಮೋ ರಬ್ಬರ್ ಬಾತುಕೋಳಿ ಇರತ್ತಲ್ಲ, ಅದ್ರೊಳಗೆ ನೀರು ನಿಂತು ಬೂಷ್ಟು ಹಿಡಿಯತ್ತೆ, ಒಂದು ಕತ್ತರಿಸಿ ನೋಡಿದ್ರೆ ಗೊತ್ತಾಗತ್ತೆ, ಅದು ಬೇಡ.

ಟಬ್ಬಲ್ಲಿ ಕೂರೋಕೆ ಬರೋ ಬಾತ್ ಸೀಟ್ ನಂಬ್ಕೊಂಡು ಒಂದು ಸೆಕೆಂಡೂ ಕೈ ಬಿಡ್ಬೇಡಿ. ಅದು ಮಗುಚಿಕೊಳತ್ತೆ.

ತಲೆ ಮೇಲೆ ನೀರು

ಇದೇ ಮುಖ್ಯ ಪಾಠ, ಇದಕ್ಕೆ ಅವಸರ ಮಾಡ್ಬೇಡಿ. ಮೊದ್ಲು ಒಂದು ಸಿಗ್ನಲ್ ಮಾತು ಇಟ್ಕೊಳಿ. ನಮ್ಮದು "ಪುಟ್ಟೀ, ಒಂದು, ಎರಡು, ಮೂರು, ನೀರು ಬಂತು". ಅಮ್ಮ ಹೇಳ್ಲಿ, ಅಪ್ಪ ಹೇಳ್ಲಿ, ಅಜ್ಜಿ ಹೇಳ್ಲಿ, ಮಾತು ಅದೇ ಇರ್ಬೇಕು, ಲಯಾನೂ ಅದೇ ಇರ್ಬೇಕು, ಹೇಳಿದ್ಮೇಲೆ ನೀರು ಬರ್ಲೇಬೇಕು, ಹೇಳ್ದೇ ಯಾವತ್ತೂ ಬರಬಾರ್ದು. ಎರಡನೇದು ಎಲ್ಲರೂ ಮರೆಯೋದು. ಹೇಳ್ದೇ ಒಂದ್ಸಲ ತಲೆ ಮೇಲೆ ಸುರಿದ್ರೆ ಆ ಮಾತಿನ ಬೆಲೆ ಹೋಯ್ತು.

ಮೂರ್ನಾಲ್ಕು ದಿನ ಕಾಲಿಗೆ ಹಾಕಿ. ಆಮೇಲೆ ಹೊಟ್ಟೆ, ಆಮೇಲೆ ಭುಜ, ಆಮೇಲೆ ಬೆನ್ನು, ಆಮೇಲೆ ತಲೆ ಹಿಂಭಾಗ. ಚಿಕ್ಕ ಲೋಟದಲ್ಲಿ ಅರ್ಧ, ಕೈ ಎತ್ತರಕ್ಕೆ ಎತ್ತಿ ಸುರೀಬೇಡಿ, ಮೈ ಹತ್ರಾನೇ ಹಿಡಿದು ಹರಿಸಿ. ಒಂದು ವಾರ ಎರಡು ವಾರ ಆದ್ಮೇಲೆ ಮಗು "ಮೂರು" ಅಂದ ತಕ್ಷಣ ಕಣ್ಣು ಪಿಳುಕಿಸೋಕೆ ಶುರು ಮಾಡತ್ತೆ, ಬಾಯಿ ಮುಚ್ಚಿಕೊಳತ್ತೆ, ನೀರು ಬರೋದನ್ನ ಅದು ಕಾಯ್ತಿದೆ ಅಂತ ಅರ್ಥ. ಅದು ಕಾಣೋ ತನಕ ಹಣೆ ಮೇಲಿಂದ ಸುರೀಬೇಡಿ. ಕಂಡ್ಮೇಲೆ ಹಿಂದಿನಿಂದ ನೆತ್ತಿ ಮೇಲೆ, ಸ್ವಲ್ಪ ನೀರು, ಒಂದೇ ಸಲ, ಮುಖದ ಮೇಲೆ ಹರಿದು ಒಂದು ಸೆಕೆಂಡಲ್ಲಿ ಮುಗೀಬೇಕು. ಧಾರೆ ಕಟ್ಟಿ ಸುರಿದ್ರೆ ಮಗೂಗೆ ಉಸಿರು ತಗೊಳೋಕೆ ಜಾಗ ಇರಲ್ಲ.

ನೀರು ಹರಿದ ತಕ್ಷಣ ಟವೆಲ್ ತಗೊಂಡು ಮುಖ ಒರೆಸೋಕೆ ಹೋಗ್ತೀವಲ್ಲ, ಅದನ್ನ ತಡ್ಕೊಳಿ. ಮಗು ತಾನೇ ಕಣ್ಣು ಪಿಳುಕಿಸಿ ನೀರು ಕೊಡವಿಕೊಳತ್ತೆ. ಪ್ರತಿ ಸಲ ಒರೆಸಿದ್ರೆ ಮುಖದ ಮೇಲೆ ನೀರು ಅಂದ್ರೆ ಏನೋ ಕೆಟ್ಟದ್ದು ಅಂತ ಕಲಿಯತ್ತೆ. ಕೆಮ್ಮಿದ್ರೆ ಮುಂದಕ್ಕೆ ಬಾಗಿಸಿ ಹಿಡ್ಕೊಳಿ, ಅವತ್ತಿಗೆ ಸಾಕು ಮಾಡಿ. ಒಂದು ದಿನಕ್ಕೆ ಎರಡು ಸಲ, ಹೆಚ್ಚಂದ್ರೆ ಮೂರು ಸಲ.

ಪುಟ್ಟ ಮಕ್ಕಳು ನೀರಲ್ಲಿ ಮುಳುಗಿಸಿದ್ರೆ ತಾವಾಗೇ ಉಸಿರು ಹಿಡೀತಾರೆ ಅಂತ ಕೇಳಿರ್ತೀರ. ಹುಟ್ಟಿನಿಂದ ಆ ಥರ ಒಂದು ಪ್ರತಿಕ್ರಿಯೆ ಇರೋದು ನಿಜ, ಆರು ತಿಂಗಳು ಕಳೀತಾ ಕಳೀತಾ ಅದು ಕಮ್ಮಿ ಆಗತ್ತೆ. ಆದ್ರೆ ಅದನ್ನ ನಂಬಿ ಮುಳುಗಿಸೋದು ದೊಡ್ಡ ತಪ್ಪು. ಉಸಿರು ಹಿಡಿದ್ರೂ ನೀರು ಕುಡಿಯೋದು ನಿಲ್ಲಲ್ಲ. ಚಿಕ್ಕ ಮೈ, ಜಾಸ್ತಿ ನೀರು ಹೊಟ್ಟೆಗೆ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಮಂಪರು, ವಾಂತಿ, ಫಿಟ್ಸ್ ತನಕ ಹೋಗಬಹುದು.

ಕಿವಿ, ಬೆನ್ನು, ತೇಲೋದು

ಬೆನ್ನ ಮೇಲೆ ಮಲಗೋದನ್ನ ತುಂಬಾ ಮಕ್ಕಳು ಇಷ್ಟ ಪಡಲ್ಲ, ಯಾಕಂದ್ರೆ ಕಿವಿಗೆ ನೀರು ತಾಗಿದ ತಕ್ಷಣ ಮನೆ ಸದ್ದೆಲ್ಲಾ ಬೇರೆ ಥರ ಕೇಳ್ಸತ್ತೆ. ಟಬ್ಬಲ್ಲಿ ನೀರು ಎಂಟು ಬೆರಳಷ್ಟು ಮಾಡಿ, ಒಂದು ಅಂಗೈ ತಲೆ ಹಿಂದೆ, ಇನ್ನೊಂದು ಅಂಗೈ ಸೊಂಟದ ಕೆಳಗೆ ಇಟ್ಟು ನಿಧಾನ ಮಲಗಿಸಿ. ನಿಮ್ಮ ಮುಖ ಅದ್ರ ಮುಖದ ಮೇಲೇ ಇರ್ಲಿ, ದೂರ ಇರ್ಬಾರ್ದು. ಏನಾದ್ರೂ ಹಾಡ್ತಾ ಇರಿ, ದಿನಾ ಮಲಗಿಸುವಾಗ ಹಾಡೋ ಹಾಡೇ ಆದ್ರೆ ಒಳ್ಳೇದು. ಮೊದಲ ದಿನ ಪುಟ್ಟಿ ನನ್ನ ನೈಟಿ ಕಾಲರ್ ಎರಡೂ ಮುಷ್ಟೀಲಿ ಹಿಡ್ಕೊಂಡಿದ್ಲು, ಬೆರಳಿನ ಗಂಟೆಲ್ಲಾ ಬೆಳ್ಳಗಾಗಿತ್ತು. ಹತ್ತು ಸೆಕೆಂಡಲ್ಲಿ ಎತ್ತಿಬಿಟ್ಟೆ. ಆರನೇ ದಿನಾನೋ ಏಳನೇ ದಿನಾನೋ ಒಂದು ಕೈ ಬಿಟ್ಲು, ಬಿಟ್ಟ ಕೈ ನೀರ ಮೇಲೆ ಹಾಗೇ ತೇಲ್ತು, ಅದನ್ನ ತಾನೇ ಕಣ್ಣು ಹೊರಳಿಸಿ ನೋಡಿದ್ಲು. ಆಮೇಲೆ ಎರಡನೇದೂ ಬಿಟ್ಲು. ನಾನು ಹೇಳ್ಕೊಟ್ಟಿದ್ದಲ್ಲ, ಅವಳೇ ಬಿಟ್ಟಿದ್ದು. ಮುಷ್ಟಿ ಬಿಡಿಸೋಕೆ ಹೋಗ್ಬೇಡಿ, ಮುಷ್ಟಿ ಬಿಗಿಯಾಗಿದ್ರೆ ಇನ್ನೂ ಟೈಮ್ ಬೇಕು ಅಂತ ಅಷ್ಟೆ.

ಇನ್ನೊಂದು ಆಟ ಗುಳ್ಳೆ ಊದೋದು. ಮಗು "ಬುರ್ರ್" ಅಂತ ತುಟಿ ಊದಿ ಎಂಜಲು ಹಾರಿಸಿದ್ರೆ ಮಳೆ ಬರತ್ತೆ ಅಂತಾರಲ್ಲ ನಮ್ಮಲ್ಲಿ, ಅದೇ ಬುರ್ರ್ ಇಲ್ಲಿ ಕೆಲಸಕ್ಕೆ ಬರತ್ತೆ. ನೀವು ಟಬ್ಬಿನ ನೀರಿಗೆ ಬಾಯಿ ಇಟ್ಟು ಬುರ್ರ್ ಮಾಡಿ ತೋರಿಸಿ, ಹತ್ತು ತಿಂಗಳೋ ಒಂದು ವರ್ಷವೋ ಆಗೋ ಹೊತ್ತಿಗೆ ಅದೂ ಮಾಡೋಕೆ ನೋಡತ್ತೆ. ನೀರಲ್ಲಿ ಉಸಿರು ಹೊರಗೆ ಬಿಡೋದು ಈಜಿನ ಮೊದಲ ಪಾಠ, ಕ್ಲಾಸಲ್ಲಿ ಅದಕ್ಕೇ ವಾರಗಟ್ಟಲೆ ಹೋಗತ್ತೆ. ಮಗು ನೀರು ಎಳ್ಕೊಂಡು ಕುಡಿಯೋಕೆ ಶುರು ಮಾಡಿದ್ರೆ ಮಾತ್ರ ಆಟ ನಿಲ್ಲಿಸಿ.

ಇಷ್ಟು ಆಗೋ ಹೊತ್ತಿಗೆ ಟಬ್ಬಿನ ನೀರನ್ನ ವಾರಕ್ಕೆ ಒಂದು ಡಿಗ್ರಿ ಥರ ಇಳಿಸ್ತಾ 34ಕ್ಕೆ ತಂದ್ರೆ ಪೂಲ್‌ಗೆ ಇಳಿದಾಗ ಮೈ ಬೆಚ್ಚಿ ಬೀಳಲ್ಲ. ಮೊದಲ ದಿನಾನೇ ಅಳೋ ಎಷ್ಟೋ ಮಕ್ಕಳು ಅಳೋದು ಚಳಿಗೆ, ಭಯಕ್ಕಲ್ಲ.

ನಮ್ಮಲ್ಲಿ ಎಲ್ಲಾ ಕೆಟ್ಟಿದ್ದು

ಪುಟ್ಟಿಗೆ 9 ತಿಂಗಳು. ಅವತ್ತು ಅವಸರ ಇತ್ತು, ಶಾಂಪೂ ನೊರೆ ಇರೋ ತಲೆ ಮೇಲೆ ಸಿಗ್ನಲ್ ಹೇಳ್ದೇ ನೀರು ಹಾಕಿಬಿಟ್ಟೆ. ನೊರೆ ಕಣ್ಣಿಗೆ ಹೋಯ್ತು. ಮಾರನೇ ದಿನ ಟಬ್ ನೋಡಿದ ಕೂಡ್ಲೇ ಕಾಲು ಮಡಚಿಕೊಂಡು ಕಿರುಚಿದ್ಲು, ಸುಮಾರು ಮೂರು ವಾರ ಟಬ್ಬಿಗೆ ಕಾಲಿಡ್ಲಿಲ್ಲ. ಮಕ್ಕಳಲ್ಲಿ ಈ ಥರ ಹಿಂದಕ್ಕೆ ಹೋಗೋದು ಸಾಮಾನ್ಯ, ಕಾರಣಾನೇ ಇಲ್ದೇನೂ ಒಂದು ವರ್ಷದ ಆಸುಪಾಸಲ್ಲಿ ಹೊಸದಾಗಿ ಹೆದರಿಕೊಳ್ತಾರೆ. ಆವಾಗ ಬಲವಂತ ಬೇಡ, ಬಿಟ್ಟುಬಿಡೋದೂ ಬೇಡ.

ನಾವು ಮಾಡಿದ್ದು ಹೇಳ್ತೀನಿ. ಖಾಲಿ ಟಬ್ಬನ್ನ ಹಾಲಿಗೆ ತಂದಿಟ್ವಿ, ಬಟ್ಟೆ ಹಾಕ್ಕೊಂಡೇ ಅದ್ರೊಳಗೆ ಕೂತು ಆಡಿದ್ಲು. ಎರಡು ದಿನ ಬಿಟ್ಟು ಒಂದು ಲೋಟ ನೀರು, ಅವಳ ಬೊಂಬೆಗೆ ಸ್ನಾನ. ಬೊಂಬೆಗೆ ನೀರು ಹಾಕುವಾಗ ನಾನು ಸಿಗ್ನಲ್ ಹೇಳ್ತಿದ್ದೆ, ಒಂದು ದಿನ ಅವಳೇ ಲೋಟ ಎತ್ತಿ ಬೊಂಬೆ ತಲೆಗೆ ಸುರಿದ್ಲು. ಆಮೇಲೆ ಬಾಲ್ಕನೀಲಿ ಬಿಸಿಲಿಗೆ ಟಬ್ ಇಟ್ಟು ನಾನೇ ಮೊದ್ಲು ಕೂತೆ, ಅವಳು ನಿಂತು ನೋಡಿ ನನ್ನ ಮಡಿಲಿಗೆ ಬಂದ್ಲು. ಅಷ್ಟೂ ದಿನ ಮೈ ತೊಳೆಯೋದು ಒದ್ದೆ ಬಟ್ಟೇಲೇ. ತಲೆ ಸ್ನಾನ ಬೇರೆ, ನೀರಾಟ ಬೇರೆ, ಎರಡನ್ನೂ ಒಂದೇ ದಿನ ಮಾಡ್ಬೇಡಿ ಅಂತ ಅವತ್ತಿಂದ ಎಲ್ಲರಿಗೂ ಹೇಳ್ತೀನಿ.

ಅಳುವಲ್ಲೂ ವ್ಯತ್ಯಾಸ ಇದೆ. ಮುಖ ಸಿಂಡರಿಸಿ ಊಂ ಅಂತ ರಾಗ ತೆಗೆದ್ರೆ ಬೇಜಾರು, ಆಟ ಬದಲಾಯಿಸಿ ನೋಡಿ. ಮೈಯೆಲ್ಲಾ ಬಿಗಿ ಮಾಡಿ, ಉಸಿರು ಹಿಡಿದು, ನಿಮ್ಮ ಮೇಲೆ ಹತ್ತೋಕೆ ನೋಡಿದ್ರೆ ಅದು ಭಯ, ತಕ್ಷಣ ಎತ್ಕೊಳಿ, ಮಾರನೇ ದಿನ ಒಂದು ಹಂತ ಹಿಂದಕ್ಕೆ ಹೋಗಿ.

ಪೂಲ್

ಮೊದಲ ಸಲ ಹೋಗೋದು ನೋಡೋಕೆ ಮಾತ್ರ. ಮಕ್ಕಳು ಕೂಗಾಡೋ ಸದ್ದು, ಕ್ಲೋರಿನ್ ವಾಸನೆ, ಬಿಸಿಲಿಗೆ ಹೊಳೆಯೋ ನೀಲಿ ನೀರು, ಒಂದು ಮಗೂಗೆ ಇಷ್ಟೇ ಜಾಸ್ತಿ ಆಗತ್ತೆ. ಜನ ಕಮ್ಮಿ ಇರೋ ಹೊತ್ತಲ್ಲಿ ಹೋಗಿ ಮೆಟ್ಟಿಲ ಮೇಲೆ ಕೂತು ಬನ್ನಿ. ಎರಡನೇ ಸಲ ಕಾಲು ಮಾತ್ರ.

ಟೆಂಪರೇಚರ್ ಬಗ್ಗೆ ಹಟ ಹಿಡೀರಿ. ದೊಡ್ಡೋರು ಈಜೋ ಪೂಲ್ ನೀರು 26ರಿಂದ 28 ಡಿಗ್ರಿ ಇರತ್ತೆ, ಪುಟ್ಟ ಮಗೂಗೆ ಅದು ತಣ್ಣಗೆ, ಸುಮಾರು 32 ಡಿಗ್ರಿ ಬೇಕು. ಬೆಂಗಳೂರಲ್ಲಿ ಬಿಸಿ ಮಾಡದ ಪೂಲ್ ಆದ್ರೆ ಏಪ್ರಿಲ್, ಮೇ ಬಿಟ್ಟು ಬೇರೆ ತಿಂಗಳಲ್ಲಿ ಯೋಚನೇನೇ ಮಾಡ್ಬೇಡಿ, ಆವಾಗ್ಲೂ ಥರ್ಮಾಮೀಟರ್ ಅದ್ದಿ ನೋಡಿಯೇ ಇಳೀರಿ. ಮಂಗಳೂರು, ಉಡುಪಿ ಕಡೆ ಸೆಕೆ ಇರೋದ್ರಿಂದ ಸ್ವಲ್ಪ ಅನುಕೂಲ. ಹೊತ್ತು ಅಂದ್ರೆ ಸಂಜೆ 4 ಗಂಟೆ ಮೇಲೆ, ದಿನವಿಡೀ ಬಿಸಿಲಿಗೆ ನೀರು ಕಾದಿರತ್ತೆ, ಬಿಸಿಲೂ ಇಳಿದಿರತ್ತೆ. ಪೂಲ್ ನೋಡ್ಕೊಳೋರನ್ನ ನೀರಿನ ರೀಡಿಂಗ್ ಕೇಳಿ, ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರ ಒಳಗೆ ಇರ್ಬೇಕು, ತಳದ ಟೈಲ್ಸ್ ಕಾಣ್ದೇ ಇರೋ ನೀರಿಗೆ ಇಳೀಲೇಬೇಡಿ. ಕೇಳೋಕೆ ಮುಜುಗರ ಬೇಡ, ಕೇಳೋ ಹಕ್ಕು ನಿಮಗಿದೆ.

ಹೋಗೋ ಮುಂಚೆ ಬಳೆ, ಉದ್ದ ಸರ, ತಾಳಿ ಸರ ತೆಗೆದಿಡಿ ಇಲ್ಲಾ ಒಳಗೆ ಸೇರಿಸಿ ಪಿನ್ ಹಾಕ್ಕೊಳಿ, ಗಾಬರೀಲಿ ಮಗು ಮೊದ್ಲು ಹಿಡಿಯೋದು ಅದನ್ನೇ. ಉಗುರು ಕತ್ತರಿಸ್ಕೊಳಿ. ಮಾಮೂಲಿ ಡೈಪರ್ ನೀರು ಹೀರಿ ಊದ್ಕೊಳತ್ತೆ, ಸ್ವಿಮ್ ಡೈಪರ್ ಹಾಕಿ, ಅದೂ ಉಚ್ಚೆ ತಡೆಯಲ್ಲ, ಕಕ್ಕ ಸ್ವಲ್ಪ ಹೊತ್ತು ತಡೀಬಹುದು ಅಷ್ಟೆ. ಭೇದಿ ಇದ್ರೆ ಪೂಲ್ ಬೇಡ, ನಿಂತ ಮೇಲೂ ಎರಡು ವಾರ ಬಿಟ್ಟು ಹೋಗಿ, ಬೇರೆ ಮಕ್ಕಳಿಗೂ ಅದೇ ನೀರು.

ನೀವು ಎದೆ ಮಟ್ಟದ ನೀರಿಗಿಂತ ಆಳಕ್ಕೆ ಹೋಗ್ಬೇಡಿ. ಮಗೂನ ಎದೆಗೆ ಒತ್ತಿ ಹಿಡ್ಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ಮೆಲ್ಲಗೆ ನಡೆದಾಡಿ, ಮೊದಲ 5 ನಿಮಿಷ ಇಷ್ಟೇ. ಆಮೇಲೆ ಮಂಡಿ ಬಗ್ಗಿಸಿ ನೀವೂ ಭುಜದ ತನಕ ನೀರಿಗೆ ಇಳೀರಿ, ನಿಮ್ಮ ಮುಖ ಮಗೂ ಮುಖದ ಮಟ್ಟಕ್ಕೆ ಬರತ್ತೆ, ಎಷ್ಟೋ ಜನ ನಿಂತ್ಕೊಂಡೇ ಮಗೂನ ಮಾತ್ರ ಅದ್ದುತ್ತಾರೆ, ಮಗೂಗೆ ಮೇಲೆ ನೋಡಿದ್ರೆ ಅಮ್ಮ ದೂರ. ಮೈ ಸಡಿಲ ಆದ್ಮೇಲೆ ತಲೆ ನಿಮ್ಮ ಭುಜದ ಮೇಲೆ ಬರೋ ಹಾಗೆ ಬೆನ್ನ ಮೇಲೆ ಮಲಗಿಸಿ, ಟಬ್ಬಲ್ಲಿ ಹಾಡಿದ ಅದೇ ಹಾಡು. ಸಿಗ್ನಲ್ ಹೇಳಿ ಭುಜಕ್ಕೆ ಒಂದು ಲೋಟ ನೀರು. ಮೊದಲ ದಿನ 10 ನಿಮಿಷ, ಆಮೇಲೆ 20, ಒಂದು ವರ್ಷದ ಒಳಗೆ ಅರ್ಧ ಗಂಟೆ ದಾಟಿಸಬೇಡಿ. ತುಟಿ ನೀಲಿ, ಗದ್ದ ನಡುಕ, ಚರ್ಮದ ಮೇಲೆ ಕೆಂಪು ಬಿಳಿ ಜಾಲ ಥರ ಕಂಡ್ರೆ, ಆಟ ಎಷ್ಟೇ ಚೆನ್ನಾಗಿ ನಡೀತಿದ್ರೂ ಹೊರಗೆ.

ಒಂದು ವರ್ಷ ಆದ ಮಗೂಗೆ ಗೋಡೆ ಹಿಡಿಯೋ ಆಟ ಕಲಿಸಿ. ಗೋಡೆಯಿಂದ ಒಂದು ಮೊಳ ದೂರದಿಂದ "ಗೋಡೆ ಎಲ್ಲಿ, ಗೋಡೆ ಎಲ್ಲಿ" ಅಂತ ನಡೆಸ್ಕೊಂಡು ಹೋಗಿ ಎರಡೂ ಕೈ ಅಂಚಿನ ಮೇಲೆ ಇಡಿಸಿ. ಮೆಟ್ಟಿಲಿಂದ ಇಳಿಯುವಾಗ ನೀವು "ಬಾ" ಅನ್ನೋ ತನಕ ಕಾಯೋದನ್ನೂ ಈಗ್ಲೇ ರೂಢಿ ಮಾಡಿಸಿ. ನೀರಿಗೆ ಇಳಿಯೋಕೆ ಅಮ್ಮ ಅಪ್ಪ ಕರೀಬೇಕು, ನೀರಿಗೆ ಬಿದ್ರೆ ಗೋಡೆ ಹುಡುಕಬೇಕು, ಇವೆರಡು ಮೈಗೆ ಹತ್ತಿದ್ರೆ ಸ್ಟೈಲು ಸ್ಟ್ರೋಕು ಯಾವಾಗ್ಲಾದ್ರೂ ಬರ್ಲಿ.

ಮೇಲಕ್ಕೆ ಎಸೆದು ಹಿಡಿಯೋದು, ಮುಖಕ್ಕೆ ಎರಚೋದು, ಮಾವ ಚಿಕ್ಕಪ್ಪ ಎಲ್ಲಾ ಸರದಿ ಮೇಲೆ ಎತ್ಕೊಳೋದು, ಯಾವುದೂ ಬೇಡ. ಕುತ್ತಿಗೆಗೆ ಹಾಕೋ ಗಾಳಿ ಟ್ಯೂಬ್ ಆನ್‌ಲೈನಲ್ಲಿ ಸಿಗತ್ತೆ, ಮಗು ಒಂದೇ ತೇಲೋದು ನೋಡೋಕೆ ಮುದ್ದಾಗಿರತ್ತೆ, ದಯವಿಟ್ಟು ತಗೋಬೇಡಿ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಮಾನಿನ ಸುರಕ್ಷತೆ ನೋಡ್ಕೊಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2022ರಲ್ಲಿ ಇದ್ರ ಬಗ್ಗೆ ಎಚ್ಚರಿಕೆ ಕೊಟ್ಟಾಗ ಒಂದು ಮಗು ತೀರಿಕೊಂಡಿದ್ದನ್ನೂ ಹೇಳಿತ್ತು. ತೋಳಿಗೆ ಹಾಕೋ ಟ್ಯೂಬ್ ಕೂಡ ಆಟದ ಸಾಮಾನು, ಜೀವ ಉಳಿಸೋ ಸಾಮಾನಲ್ಲ. ನಿಮ್ಮ ಕೈ ಚಾಚಿದ್ರೆ ಮಗು ಸಿಗ್ಬೇಕು, ಅಷ್ಟು ದೂರಾನೇ ಲಿಮಿಟ್.

ಬಂದ್ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಮೈ ತೊಳೆದು, ಕಿವಿ ಹೊರಗೆ ಮಾತ್ರ ಮೆತ್ತನೆ ಬಟ್ಟೇಲಿ ಒರೆಸಿ, ಬಡ್ಸ್ ಬೇಡ, ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ. ಭಾರಿ ಹಸಿವಾಗತ್ತೆ, ಹಾಲೋ ಊಟವೋ ರೆಡಿ ಇರ್ಲಿ. ನೀರಲ್ಲಿ ಉಸಿರುಗಟ್ಟಿದ ಹಾಗೆ ಆಗಿ, ಆಮೇಲೂ ಕೆಮ್ಮು ನಿಲ್ಲದಿದ್ರೆ, ಉಸಿರಾಟ ಜೋರಾಗಿದ್ರೆ, ಮಂಕಾಗಿದ್ರೆ ನಾಳೆ ನೋಡೋಣ ಅನ್ಬೇಡಿ, ಆಸ್ಪತ್ರೆಗೆ ಹೋಗಿ, ಆಂಬುಲೆನ್ಸ್‌ಗೆ 108 ಅಥ್ವಾ 112. ಮಕ್ಕಳ ಸಿಪಿಆರ್, ಅಂದ್ರೆ ಉಸಿರು ನಿಂತಾಗ ಎದೆ ಒತ್ತಿ ಬಾಯಿಂದ ಉಸಿರು ಕೊಡೋದನ್ನ, ಮನೇಲಿ ಇಬ್ರಾದ್ರೂ ಕಲೀರಿ, ಒಂದು ಅರ್ಧ ದಿನದ ಕೆಲಸ. ಮುಳುಗಿದ ಮಗೂನ ತಲೆಕೆಳಗೆ ಹಿಡಿದು ಆಡಿಸೋದು, ಹೊಟ್ಟೆ ಒತ್ತಿ ನೀರು ತೆಗೆಯೋದು ತಪ್ಪು, ಅದ್ರಿಂದ ಉಸಿರು ಕೊಡೋ ಟೈಮ್ ಹಾಳಾಗತ್ತೆ.

ಕ್ಲಾಸ್ ಹುಡುಕುವಾಗ

ಎಷ್ಟೋ ಕಡೆ ನಾಲ್ಕೈದು ವರ್ಷ ಆಗ್ದೇ ಮಕ್ಕಳನ್ನ ತಗೊಳಲ್ಲ, ಹಾಗಿದ್ರೆ ಅವಸರ ಇಲ್ಲ, ಮನೇಲಿ ಟಬ್, ಬೇಸಿಗೇಲಿ ಪೂಲ್, ಹೀಗೇ ನಡೆಸ್ಕೊಂಡು ಹೋಗಿ. ಅಪ್ಪ ಅಥ್ವಾ ಅಮ್ಮ ನೀರಲ್ಲಿ ಜೊತೆಗಿರೋ ಕ್ಲಾಸ್ ಸಿಕ್ರೆ, ಸೇರಿಸೋ ಮುಂಚೆ ಒಂದು ಪೂರ್ತಿ ಕ್ಲಾಸ್ ಸುಮ್ನೆ ಕೂತು ನೋಡಿ. ನೀರು ಬೆಚ್ಚಗಿದ್ಯಾ, ಗುಂಪು ಚಿಕ್ಕದಿದ್ಯಾ, ಪಾಠ ಮಾಡೋರನ್ನ ಬಿಟ್ಟು ಬೇರೆ ಲೈಫ್‌ಗಾರ್ಡ್ ಇದ್ದಾರಾ, ಅವ್ರಿಗೆ ಸಿಪಿಆರ್ ಬರತ್ತಾ ಕೇಳಿ. ಎಲ್ಲಕ್ಕಿಂತ ಮುಖ್ಯ, ಒಂದು ಮಗು ಅತ್ರೆ ಅವ್ರು ಏನ್ ಮಾಡ್ತಾರೆ ಅಂತ ನೋಡಿ. ನಾವು ಮೊದ್ಲು ನೋಡೋಕೆ ಹೋದ ಒಂದು ಕಡೆ ಅಳ್ತಿದ್ದ ಮಗೂನ "ಎರಡು ಸಲ ಮುಳುಗಿಸಿದ್ರೆ ಸರಿ ಹೋಗತ್ತೆ" ಅಂತ ಮುಳುಗಿಸಿದ್ರು, ನಾನು ಅಲ್ಲಿಂದ ಎದ್ದು ಬಂದೆ.

ಸೇರಿಸಿದ ದಿನ ಮನೆ ಲೋಟ ತಗೊಂಡು ಹೋಗಿ, ನಿಮ್ಮ ಸಿಗ್ನಲ್ ಮಾತು ಏನು ಅಂತ ಕೋಚ್‌ಗೆ ಹೇಳಿ. ನಮ್ಮ ಕೋಚ್ ಮೇಡಂಗೆ ಕನ್ನಡ ಅಷ್ಟು ಬರ್ತಿರ್ಲಿಲ್ಲ, ನನ್ನ ಹತ್ರ ಎರಡು ಸಲ ಹೇಳಿಸ್ಕೊಂಡು ಕಲಿತ್ರು. ಮೊದಲ ಕ್ಲಾಸಲ್ಲಿ ಅವ್ರು ಪುಟ್ಟಿ ಹಿಂದೆ ನಿಂತು, ತಡವರಿಸ್ತಾ, "ಒಂದು, ಎರಡು, ಮೂರು" ಅಂದ್ರು. ಅವಳು ತಿರುಗಿ ನೋಡ್ಲಿಲ್ಲ, ಬಾಯಿ ಮುಚ್ಚಿ ಕಣ್ಣು ಪಿಳುಕಿಸಿ ನೀರಿಗೆ ಕಾಯ್ತಾ ಕೂತ್ಲು.